ಎರೆಭೂಮಿಯಲ್ಲಿ ಮಿನಿ ಟ್ರ್ಯಾಕ್ಟರಿನ ಸಲಕರಣೆ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಸುತ್ತಣ ಎರೆಭೂಮಿಯು ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿದು, ಮುಂಗಾರು ಮಳೆ ಬೀಳುತ್ತಲೇ ಉಬ್ಬಿ ಗಾಲಿಗಂಟುವ ಸ್ವಭಾವದ್ದು. ಜೇಡಿಯ ಸೂಕ್ಷ್ಮ ಪದರಗಳ ನಡುವೆ ನೀರು ಹೊಕ್ಕು ಹೊರಡುವುದೇ ಇದಕ್ಕೆ ಕಾರಣ. ಇಂತಹ ನೆಲಕ್ಕಾಗಿ ಮಿನಿ ಟ್ರ್ಯಾಕ್ಟರಿನ ಸಲಕರಣೆಯನ್ನು ಆರಿಸುವ ರೈತನು ಅಶ್ವಶಕ್ತಿಗಿಂತ ಮೊದಲು ಯಂತ್ರದ ತೂಕವನ್ನೂ ಮಣ್ಣಿನ ಹದವನ್ನೂ ವಿಚಾರಿಸತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ.

ನೇಗಿಲು, ಕಲ್ಟಿವೇಟರ್, ಕುಂಟೆ ಇವೆಲ್ಲ ಎಳೆಯಲ್ಪಡುವ ಸಲಕರಣೆಗಳು. ಎಂಜಿನ್ನಿನ ಬಲವೆಷ್ಟಿದ್ದರೂ ಎಳೆತವು ಹಿಂಗಾಲಿಗಳ ಹಿಡಿತದಿಂದಲೇ ಒದಗಬೇಕು. ಆ ಹಿಡಿತವು ಗಾಲಿಯ ಮೇಲಿನ ಭಾರಕ್ಕೆ ಅಧೀನ. ಹ್ಯಾರಿ ಫರ್ಗ್ಯೂಸನ್ ರೂಪಿಸಿ, 1939ರ ಫೋರ್ಡ್-ಫರ್ಗ್ಯೂಸನ್ ಟ್ರ್ಯಾಕ್ಟರಿನಿಂದ ಪ್ರಸಿದ್ಧಿಗೆ ಬಂದ ಮೂರು ಬಿಂದುಗಳ ಜೋಡಣೆಯು ನೇಗಿಲಿನ ಭಾರದ ಒಂದಂಶವನ್ನು ಹಿಂಗಾಲಿಗಳಿಗೆ ವರ್ಗಾಯಿಸಿ ಹಗುರ ಯಂತ್ರಕ್ಕೂ ಉಳುವ ಶಕ್ತಿಯನ್ನಿತ್ತಿತು. ಆದರೂ ಅದಕ್ಕೊಂದು ಮಿತಿಯುಂಟು. ಹಿಂಗಾಲಿಗೆ ಸುಣ್ಣದ ಗುರುತಿಟ್ಟು, ಸಲಕರಣೆಯನ್ನೆತ್ತಿ ಹತ್ತು ಸುತ್ತಿಗೆ ಕ್ರಮಿಸಿದ ದೂರವನ್ನೂ, ಇಳಿಸಿ ಉಳುತ್ತ ಕ್ರಮಿಸಿದ ದೂರವನ್ನೂ ಅಳೆದರೆ ಜಾರಿಕೆ ತಿಳಿಯುತ್ತದೆ: ಮೊದಲನೆಯದು 30 ಮೀಟರ್, ಎರಡನೆಯದು 25.5 ಮೀಟರ್ ಆದರೆ ಜಾರಿಕೆ ಶೇಕಡಾ 15. ಇದನ್ನು ಬಹಳ ಮೀರಿದರೆ ಇಂಧನವೂ ಟೈರೂ ವ್ಯರ್ಥ. ಆಗ ಕಲ್ಟಿವೇಟರಿನ ಹಲ್ಲುಗಳ ಸಂಖ್ಯೆಯನ್ನು ಕಡಿಮೆ ಮಾಡುವುದು, ಇಲ್ಲವೇ ಗಾಲಿಗೆ ತೂಕ ಕಟ್ಟುವುದು ಯುಕ್ತ.

ರೋಟಾವೇಟರಿನ ರೀತಿಯೇ ಬೇರೆ. ಎಂಜಿನ್ನಿನ ಶಕ್ತಿಯನ್ನು ಸಲಕರಣೆಗೆ ಸಾಗಿಸುವ, ನಿಮಿಷಕ್ಕೆ 540 ಸುತ್ತು ತಿರುಗುವ ಪಿ.ಟಿ.ಒ. ದಂಡದಿಂದ ಶಕ್ತಿ ಪಡೆದು ಅಲಗುಗಳು ಮಣ್ಣನ್ನು ಕಡಿಯುವಾಗ ಯಂತ್ರವನ್ನು ಮುಂದಕ್ಕೆ ದೂಡುವುದರಿಂದ ಗಾಲಿ ಜಾರದು. ಚಿಕ್ಕ ಟ್ರ್ಯಾಕ್ಟರಿನವರನ್ನು ಅದು ಮೋಹಗೊಳಿಸುವುದು ಇದರಿಂದಲೇ. ಆದರೆ ಹಸಿ ಎರೆಮಣ್ಣಿನಲ್ಲಿ ಅಲಗುಗಳು ತಳವನ್ನು ಸವರಿ ಬಿಗಿಗೊಳಿಸುತ್ತವೆ. ವರ್ಷವರ್ಷವೂ ಒಂದೇ ಆಳದಲ್ಲಿ ಹೊಡೆದರೆ ಬೇರೂ ನೀರೂ ಇಳಿಯಲಾರದ ಗಟ್ಟಿ ಪದರವುಂಟಾಗುತ್ತದೆ. ಉಳುವ ಆಳದ ಮಣ್ಣನ್ನು ಅಂಗೈಯಲ್ಲಿ ಹೊಸೆದಾಗ ದಾರದಂತೆ ಉದ್ದವಾಗುವುದಾದರೆ ಅಂದು ರೋಟಾವೇಟರನ್ನು ಇಳಿಸಲೇಬಾರದು. ಪುಡಿಯಾದರೆ ಹದ ಬಂದಂತೆ.

2011ರಲ್ಲಿ ಭೌಗೋಳಿಕ ಸೂಚಕವನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿಗಾಗಲಿ, ಹತ್ತಿಗಾಗಲಿ ಬಿತ್ತನೆಯ ಬಳಿಕ ಬೇಕಾದದ್ದು ಎಡೆಕುಂಟೆ. ಅದು ಕಳೆಯನ್ನು ಬುಡದಲ್ಲಿ ಕೊಯ್ದು, ಬಿರುಕಿನ ಬಾಯಿಯನ್ನು ಸಡಿಲ ಮಣ್ಣಿನಿಂದ ಮುಚ್ಚಿ ತೇವವು ಆವಿಯಾಗುವುದನ್ನು ತಡೆಯುತ್ತದೆ. ಗಾಲಿಗಳ ಅಂತರವು ಸಾಲಿನ ಅಂತರಕ್ಕೆ ಹೊಂದುವುದೇ ಎಂಬುದನ್ನು ಕೊಳ್ಳುವ ಮುನ್ನವೇ ಅಳೆಯಬೇಕು.

ಆದ್ದರಿಂದ ಕಲ್ಟಿವೇಟರನ್ನೂ ಕುಂಟೆಯನ್ನೂ ಸ್ವಂತಕ್ಕೆ ಕೊಂಡು, ವರ್ಷಕ್ಕೆ ಕೆಲವೇ ದಿನ ಬೇಕಾಗುವ ರೋಟಾವೇಟರನ್ನು ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ತರುವುದು ಸಣ್ಣ ಹಿಡುವಳಿಗೆ ಲೇಸು.