ಪೋಷಕತ್ವ: ಆರು ತಪ್ಪು ಕಲ್ಪನೆ, ಆರು ಸತ್ಯ

ಹೆತ್ತವರ ಜೊತೆ ಇರಲಾಗದ ಮಗುವನ್ನು ಇನ್ನೊಂದು ಕುಟುಂಬ ತನ್ನ ಮನೆಯಲ್ಲಿಟ್ಟು ಬೆಳೆಸುವ ವ್ಯವಸ್ಥೆಗೆ ಪೋಷಕತ್ವ ಎನ್ನುತ್ತಾರೆ. ಇಲಾಖೆಯವರ ಬಾಯಲ್ಲಿ ಇದು ಫಾಸ್ಟರ್ ಕೇರ್. 2015ರ ಬಾಲನ್ಯಾಯ ಕಾಯ್ದೆಯ 44ನೇ ಸೆಕ್ಷನ್ ಇದಕ್ಕೆ ಆಧಾರ. ಮೈಸೂರಿನವರಿಗೆ ಬಾಲಮಂದಿರ ಗೊತ್ತು, ದತ್ತು ಗೊತ್ತು. ಇವೆರಡರ ನಡುವೆ ಇರುವ ಈ ದಾರಿ ಬಹಳ ಜನಕ್ಕೆ ಗೊತ್ತಿಲ್ಲ. ಆ ಕಾರಣಕ್ಕೇ ಇದರ ಸುತ್ತ ಊಹೆಗಳು ಹಬ್ಬಿವೆ. ಆ ಊಹೆಗಳಿಂದ ನಷ್ಟವಾಗುವುದು ಮಕ್ಕಳಿಗೆ.

ತಪ್ಪು ಕಲ್ಪನೆ 1: ಪೋಷಕತ್ವ ಅಂದರೆ ದತ್ತು.

ಸತ್ಯ: ದತ್ತು ಎಂದರೇನೆಂದು ಈ ಊರಿಗೆ ಅರಮನೆಯೇ ತೋರಿಸಿಕೊಟ್ಟಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ಪಡೆದರು. 2015ರ ಫೆಬ್ರವರಿಯಲ್ಲಿ ಪ್ರಮೋದಾದೇವಿಯವರು ಯದುವೀರರನ್ನು ದತ್ತು ಪಡೆದರು. ದತ್ತಾದ ಮಗುವಿಗೆ ಹೊಸ ಮನೆತನದ ಹೆಸರು, ಹಕ್ಕು, ವಾರಸುದಾರಿಕೆ ಎಲ್ಲ ಬರುತ್ತವೆ, ಮತ್ತು ಅದು ಶಾಶ್ವತ. ಪೋಷಕತ್ವದಲ್ಲಿ ಮಗುವಿನ ಹೆಸರು, ಹೆತ್ತವರು, ಹುಟ್ಟಿದ ಮನೆಯ ನಂಟು ಯಾವುದೂ ಬದಲಾಗುವುದಿಲ್ಲ. ಕೂಡಲೇ ದತ್ತು ಕೊಡಬಹುದಾದ ಮಗುವನ್ನು ದೀರ್ಘಕಾಲದ ಪೋಷಕತ್ವಕ್ಕೆ ಕೊಡುವಂತಿಲ್ಲ ಎಂದು ಕಾನೂನೇ ಹೇಳುತ್ತದೆ.

ತಪ್ಪು ಕಲ್ಪನೆ 2: ಇದು ಅನಾಥ ಮಕ್ಕಳಿಗೆ ಮಾತ್ರ.

ಸತ್ಯ: ಹೆತ್ತವರು ಬದುಕಿರುವ ಮಕ್ಕಳಿಗೂ ಇದು ಬೇಕಾಗುತ್ತದೆ. ತಾಯಿ ದೀರ್ಘಕಾಲ ಕಾಯಿಲೆ ಬಿದ್ದಿರಬಹುದು, ತಂದೆ ಕುಡಿತಕ್ಕೆ ಬಿದ್ದು ಮನೆ ಮುರಿದಿರಬಹುದು. ಜೈಲಿನಲ್ಲಿರುವ ತಾಯಿಯ ಜೊತೆ ಮಗು ಆರು ವರ್ಷದವರೆಗೆ ಮಾತ್ರ ಇರಬಹುದೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಆರು ತುಂಬಿದ ಮೇಲೆ ಆ ಮಗು ಎಲ್ಲಿಗೆ ಹೋಗಬೇಕು? ನೋಡಿಕೊಳ್ಳುವ ಬಂಧುಗಳಿಲ್ಲದಿದ್ದರೆ ಪೋಷಕ ಕುಟುಂಬ ಒಂದು ಉತ್ತರ. ಹೆತ್ತವರು ಅಲ್ಲಿಗೆ ಬಂದು ಮಗುವನ್ನು ನೋಡಿಕೊಂಡು ಹೋಗಲು ಕಾಯ್ದೆಯಲ್ಲಿ ಅವಕಾಶವಿದೆ. ಅವರು ಮತ್ತೆ ಸಮರ್ಥರಾದರೆಂದು ಮಕ್ಕಳ ಕಲ್ಯಾಣ ಸಮಿತಿಗೆ ಮನವರಿಕೆಯಾದರೆ ಮಗು ಹೆತ್ತ ಮನೆಗೆ ಮರಳಬಹುದು. ಒಡಹುಟ್ಟಿದವರನ್ನು ಆದಷ್ಟೂ ಒಂದೇ ಮನೆಯಲ್ಲಿಡಬೇಕು ಎಂಬ ನಿಯಮವೂ ಇದೆ.

ತಪ್ಪು ಕಲ್ಪನೆ 3: ಬಾಲಮಂದಿರದಲ್ಲಿ ಊಟ, ಬಟ್ಟೆ, ಶಾಲೆ ಎಲ್ಲ ಇದೆ. ಮತ್ತೊಂದು ಮನೆ ಯಾಕೆ?

ಸತ್ಯ: ಬಡಮಕ್ಕಳಿಗೆ ಆಸರೆ ಕೊಡುವುದರಲ್ಲಿ ಮೈಸೂರು ಹಿಂದೆ ಬಿದ್ದ ಊರಲ್ಲ. ತಾತಯ್ಯ ಎಂದು ಊರೇ ಕರೆದ ಎಂ. ವೆಂಕಟಕೃಷ್ಣಯ್ಯನವರ ಅನಾಥಾಲಯವಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ವಾರಾನ್ನದಲ್ಲಿ ಉಂಡು ಓದಿದವರ ತಲೆಮಾರುಗಳೇ ಇಲ್ಲಿ ಆಗಿಹೋಗಿವೆ. ಆ ಉಪಕಾರ ಸಣ್ಣದಲ್ಲ. ಆದರೆ ಎಳೆಯ ಮಗುವಿಗೆ ಏಳೂ ದಿನ ಅದೇ ಮುಖ ಕಾಣಬೇಕು. ಜ್ವರ ಬಂದ ರಾತ್ರಿ ಪಕ್ಕದಲ್ಲಿ ಕೂರುವವರು ಬೆಳಗ್ಗೆ ಪಾಳಿ ಮುಗಿಸಿ ಹೊರಟುಹೋಗಬಾರದು.

ಇದು ಬರಿಯ ಭಾವನೆಯ ಮಾತಲ್ಲ. ರುಮೇನಿಯಾದ ಬುಕಾರೆಸ್ಟ್‌ನಲ್ಲಿ ಅನಾಥಾಲಯಗಳ 136 ಎಳೆಯ ಮಕ್ಕಳ ಮೇಲೆ ಒಂದು ದೀರ್ಘ ಅಧ್ಯಯನ ನಡೆಯಿತು. ಚೀಟಿ ಎತ್ತಿದಂತೆ ಆರಿಸಿ ಅರ್ಧದಷ್ಟು ಮಕ್ಕಳನ್ನು ತರಬೇತಿ ಪಡೆದ ಪೋಷಕ ಕುಟುಂಬಗಳಿಗೆ ಕಳಿಸಲಾಯಿತು. 2007ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಬುದ್ಧಿಯ ಬೆಳವಣಿಗೆಯಲ್ಲಿ ಕುಟುಂಬ ಸೇರಿದ ಮಕ್ಕಳೇ ಮುಂದಿದ್ದರು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಿಗೆ ಹೆಚ್ಚು ಲಾಭವಾಗಿತ್ತು.

ತಪ್ಪು ಕಲ್ಪನೆ 4: ಬಡ ಮಗುವನ್ನು ಮನೆಗೆ ತಂದು ಸಾಕಿದರೆ ಅದೇ ಪೋಷಕತ್ವ.

ಸತ್ಯ: ಅಲ್ಲ. ಮಕ್ಕಳ ಕಲ್ಯಾಣ ಸಮಿತಿಯ ಆದೇಶವಿಲ್ಲದೆ ಪೋಷಕತ್ವವಿಲ್ಲ. ದಿಕ್ಕಿಲ್ಲದ ಮಗು ಸಿಕ್ಕಿದರೆ 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿಗೋ ಪೊಲೀಸರಿಗೋ ಸಮಿತಿಗೋ ತಿಳಿಸಬೇಕು. ‘ಸಾಕಿಕೊಂಡಿದ್ದೇವೆ’ ಎಂಬ ಮಾತಿನ ಮರೆಯಲ್ಲಿ ಹಳ್ಳಿಯಿಂದ ಕರೆತಂದ ಹುಡುಗಿಯಿಂದ ಪಾತ್ರೆ ತೊಳೆಸುವುದು, ನೆಲ ಒರೆಸುವುದು ನಡೆದೇ ಇದೆ. 14ರೊಳಗಿನ ಮಗುವನ್ನು ಹಾಗೆ ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. ಆದೇಶದ ಮೂಲಕ ಬಂದ ಮಗುವಿನ ಓದು, ಆರೋಗ್ಯ, ಆಹಾರ ಮೂರಕ್ಕೂ ಪೋಷಕ ಕುಟುಂಬವೇ ಹೊಣೆ. ಸಮಿತಿ ಪ್ರತಿ ತಿಂಗಳು ಆ ಮನೆಯನ್ನು ಪರಿಶೀಲಿಸಬೇಕು. ಪಾಲನೆಯಲ್ಲಿ ಕೊರತೆ ಕಂಡರೆ ಮಗುವನ್ನು ಅಲ್ಲಿಂದ ಬಿಡಿಸಿ ಬೇರೆ ಕಡೆಗೆ ಕಳಿಸಬೇಕು.

ತಪ್ಪು ಕಲ್ಪನೆ 5: ಮಕ್ಕಳಿಲ್ಲದ ಸ್ಥಿತಿವಂತ ದಂಪತಿ ಮಾತ್ರ ಪೋಷಕರಾಗಬಹುದು. ಉಳಿದವರು ದುಡ್ಡಿಗಾಗಿ ಮಾಡುತ್ತಾರೆ.

ಸತ್ಯ: ಕೇಂದ್ರ ಸರ್ಕಾರದ 2024ರ ಮಾದರಿ ಮಾರ್ಗಸೂಚಿ ಮದುವೆಯಾಗದವರಿಗೆ, ವಿಧವೆ–ವಿಧುರರಿಗೆ, ವಿಚ್ಛೇದಿತರಿಗೂ ದಾರಿ ತೆರೆದಿದೆ. ಒಂಟಿ ಮಹಿಳೆ ಹೆಣ್ಣು, ಗಂಡು ಯಾವ ಮಗುವನ್ನಾದರೂ ಪೋಷಿಸಬಹುದು. ಒಂಟಿ ಪುರುಷನಿಗೆ ಗಂಡು ಮಗು ಮಾತ್ರ. ದತ್ತು ಮನೆ ಸಿಗದೆ ಉಳಿದ ಮಗುವನ್ನು ಪೋಷಿಸಿದವರು ಎರಡು ವರ್ಷದ ನಂತರ ದತ್ತು ಕೇಳಬಹುದು. ಮೊದಲು ಐದು ವರ್ಷ ಕಾಯಬೇಕಿತ್ತು. ಮಿಷನ್ ವಾತ್ಸಲ್ಯದಡಿ ಮಗುವಿಗೆ ನಿಗದಿಯಾಗಿರುವುದು ತಿಂಗಳಿಗೆ 4,000 ರೂಪಾಯಿ. ಶಾಲೆ, ಬಟ್ಟೆ, ಔಷಧಿ ಲೆಕ್ಕ ಹಾಕಿದ ಯಾವ ಗೃಹಿಣಿಯೂ ಇದನ್ನು ಲಾಭ ಎನ್ನಲಾರಳು.

ತಪ್ಪು ಕಲ್ಪನೆ 6: ಬೇರೆಯವರ ಮನೆಯಲ್ಲಿ ಬೆಳೆದವರು ಮಕ್ಕಳ ರಕ್ಷಣೆಯ ಕೆಲಸಕ್ಕೆ ಬರುವುದು ಋಣ ತೀರಿಸಲು. ಇಲ್ಲವೇ ಹಳೆಯ ನೋವು ಇನ್ನೂ ಆರಿಲ್ಲ ಅಂತ.

ಸತ್ಯ: ಎಲ್ಲಕ್ಕಿಂತ ಹೆಚ್ಚು ನೋಯಿಸುವ ಮಾತು ಇದು. ತನ್ನನ್ನು ಬೆಳೆಸಿದ್ದಕ್ಕೆ ಯಾವ ಮಗುವೂ ಯಾರಿಗೂ ಸಾಲಗಾರನಲ್ಲ. ಪಾಲನೆ ಮಗುವಿನ ಹಕ್ಕು. ಹಾಗೆ ಬೆಳೆದವರು ಈ ಕೆಲಸ ಆರಿಸಿಕೊಂಡರೆ ತಮಗೆ ಗೊತ್ತಿರುವುದನ್ನು ಜೊತೆಗೆ ತರುತ್ತಾರೆ. ಶಾಲೆಯ ಅರ್ಜಿಯಲ್ಲಿ ‘ತಂದೆಯ ಹೆಸರು’ ಬರೆಯುವಾಗ ಪೆನ್ನು ಯಾಕೆ ನಿಲ್ಲುತ್ತದೆ, ಹಬ್ಬಕ್ಕೆ ಬಂದ ನೆಂಟರು ‘ಇದು ಯಾರ ಮಗು?’ ಎಂದಾಗ ಏನಾಗುತ್ತದೆ, ಬಂದ ಹೊಸದರಲ್ಲಿ ಮಗು ಬ್ಯಾಗಿನಿಂದ ಬಟ್ಟೆ ತೆಗೆದಿಡದೆ ಯಾಕೆ ಕಾಯುತ್ತದೆ ಎಂದು ಅವರಿಗೆ ಯಾರೂ ವಿವರಿಸಬೇಕಿಲ್ಲ. ಪೋಷಕ ಮನೆಯ ಸ್ವಂತ ಮಕ್ಕಳಿಗೂ ಇಂಥದೇ ತಿಳಿವಳಿಕೆ ಇರುತ್ತದೆ. ಅಮ್ಮನನ್ನು ಹಂಚಿಕೊಂಡು ಬೆಳೆದವರು ಅವರು.

ಅನುಭವವೊಂದೇ ಸಾಲದು ಎಂಬುದೂ ಅಷ್ಟೇ ನಿಜ. ತನ್ನ ಕಥೆಯೇ ಎಲ್ಲ ಮಕ್ಕಳ ಕಥೆ ಎಂದುಕೊಂಡರೆ ಎದುರಿಗಿರುವ ಮಗು ಕಾಣುವುದಿಲ್ಲ. ಆದ್ದರಿಂದ ಓದು, ತರಬೇತಿ, ಹಿರಿಯರ ಮಾರ್ಗದರ್ಶನ ಬೇಕು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲೇ ಸಮಾಜಕಾರ್ಯ ವಿಭಾಗವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ರಕ್ಷಣಾಧಿಕಾರಿ, ಆಪ್ತಸಮಾಲೋಚಕ, ಸಮಾಜ ಕಾರ್ಯಕರ್ತರ ಹುದ್ದೆಗಳಿವೆ.

ಪೋಷಕ ಮನೆಗಳೂ ಸೋಲುತ್ತವೆ. ಬ್ರಿಟನ್ನಿನ ಕವಿ ಲೆಮ್ನ್ ಸಿಸೇ ಹಸುಗೂಸಾಗಿದ್ದಾಗ ಸೇರಿದ ಪೋಷಕ ಕುಟುಂಬ ಅವರನ್ನು ಹನ್ನೆರಡನೇ ವಯಸ್ಸಿನಲ್ಲಿ ಬಿಟ್ಟುಕೊಟ್ಟಿತು. ಮುಂದಿನ ಹದಿಹರೆಯವನ್ನು ಅವರು ಬಾಲಗೃಹಗಳಲ್ಲಿ ಕಳೆದರು. ಇಂದು ಅದೇ ವ್ಯವಸ್ಥೆಯಲ್ಲಿ ಬೆಳೆದ ತರುಣರ ಪರವಾಗಿ ಗಟ್ಟಿಯಾಗಿ ಮಾತಾಡುವವರಲ್ಲಿ ಅವರೂ ಒಬ್ಬರು. ಮನೆಯನ್ನು ಆರಿಸುವಾಗ, ಕುಟುಂಬವನ್ನು ಅಣಿಗೊಳಿಸುವಾಗ, ತಿಂಗಳ ಭೇಟಿಯಲ್ಲಿ ಮಗುವನ್ನು ಪ್ರತ್ಯೇಕವಾಗಿ ಮಾತಾಡಿಸುವಾಗ ಇಂಥವರ ಮಾತು ನಮಗೆ ಬೇಕು.

ಮಗುವನ್ನು ಪೋಷಿಸುವ ಮನಸ್ಸಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಕೇಳಿ. ಸಂಕಷ್ಟದಲ್ಲಿರುವ ಮಗು ಕಂಡರೆ 1098ಕ್ಕೆ ಕರೆ ಮಾಡಿ. ಘಟಕಕ್ಕೆ ಹೊರಡುವ ಮೊದಲು ಮನೆಯ ಮಕ್ಕಳನ್ನೂ ಕೂರಿಸಿ ಅವರ ಅಭಿಪ್ರಾಯ ಕೇಳಿ. ಪೋಷಕ ಮನೆಯಲ್ಲಿ ಬೆಳೆದವರು ನಿಮ್ಮ ಕಚೇರಿಗೆ ಕೆಲಸ ಕೇಳಿಕೊಂಡು ಬಂದರೆ ಅವರಿಂದ ಕೃತಜ್ಞತೆ ನಿರೀಕ್ಷಿಸಬೇಡಿ, ಕನಿಕರ ತೋರಿಸಬೇಡಿ. ಅವರಿಗೆ ತರಬೇತಿ ಕೊಡಿ, ತಕ್ಕ ಸಂಬಳ ಕೊಡಿ, ನಿರ್ಧಾರ ಮಾಡುವ ಕಡೆ ಕುರ್ಚಿ ಕೊಡಿ.