ಕೌಲಾಲಂಪುರದಲ್ಲಿ ನಾನು ‘ಚಿಗು’ ಆದೆ!

‘ಇಂಗ್ಲಿಷ್ ವಿಂಗ್ಲಿಷ್’ (2012) ನೋಡಿದ್ದೀರಲ್ಲ? ನಾಲ್ಕು ವಾರದ ಕ್ಲಾಸಿಗೆ ಸೇರಿದ ಶ್ರೀದೇವಿ ಕೊನೆಗೆ ಮದುವೆಮನೆಯಲ್ಲಿ ಇಂಗ್ಲಿಷಿನಲ್ಲೇ ಮಾತಾಡಿ ಸೀಟಿ ಗಿಟ್ಟಿಸ್ತಾರೆ. ಆದರೆ ಆಕೆಯ ಬಳಿ ಪಾಸ್‌ಪೋರ್ಟ್ ಇತ್ತು, ವಾಪಸ್ ಹೋಗೋಕೆ ಮನೆ ಇತ್ತು. ಇವೆರಡೂ ಇಲ್ಲದವರ ಇಂಗ್ಲಿಷ್ ಕ್ಲಾಸ್ ಹೇಗಿರುತ್ತೆ? ನಾನು ಕಂಡಿದ್ದೇನೆ ಸ್ವಾಮಿ!

2019ರಲ್ಲಿ ಮಲೇಷ್ಯಾದ ಕೌಲಾಲಂಪುರದ ಹೋಟೆಲೊಂದರ ಗಲ್ಲಾದಲ್ಲಿ ಕೂತು ಹೊಟ್ಟೆ ಹೊರೀತಿದ್ದೆ. ಬರ್ಮಾದಿಂದ ಓಡಿಬಂದ ರೋಹಿಂಗ್ಯಾ ಹುಡುಗರಿಗೆ ಭಾನುವಾರ ಇಂಗ್ಲಿಷ್ ಹೇಳಿಕೊಡೋರು ಬೇಕಂತ ಗೆಳೆಯನೊಬ್ಬ ಹೇಳಿದ. ಪಿಯುಸಿ ಅರ್ಧಕ್ಕೇ ಬಿಟ್ಟ ನಾನು ಮೇಷ್ಟ್ರಾದೆ! ಸಂಬಳ? ಒಂದು ಲೋಟ ಚಹಾ.

ಅಂಗಡಿಯ ಮೇಲಿನ ಮಹಡಿ, ಎರಡು ಫ್ಯಾನು, ಒಂದು ಬೋರ್ಡು. ಹುಡುಗರು ನನ್ನನ್ನು ‘ಚಿಗು’ ಅಂತಿದ್ದರು. ಮಲಯ ಭಾಷೆಯಲ್ಲಿ ಮೇಷ್ಟ್ರಿಗೆ ಹಾಗೇ ಕರೀತಾರೆ. ಅದರೊಳಗಿನ ‘ಗು’ ನಮ್ಮ ‘ಗುರು’ವಿನದೇ!

ಊರಿಲ್ಲದ ಹುಡುಗರು

ಬರ್ಮಾದ 1982ರ ಪೌರತ್ವ ಕಾನೂನು ಇವರನ್ನು ಸ್ವಂತ ನೆಲದಲ್ಲೇ ಪರದೇಶಿಗಳನ್ನಾಗಿಸಿತು. 2017ರ ಆಗಸ್ಟ್‌ನಿಂದ ಸೇನೆ ನಡೆಸಿದ ದಾಳಿಗೆ 7 ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿದರು. ಎಷ್ಟೋ ಜನ ದೋಣಿ ಹತ್ತಿ ಮಲೇಷ್ಯಾ ಸೇರಿದ್ದಾರೆ. ಆದರೆ ನಿರಾಶ್ರಿತರ ಕುರಿತ 1951ರ ಒಪ್ಪಂದಕ್ಕೆ ಮಲೇಷ್ಯಾ ಸಹಿ ಹಾಕಿಲ್ಲ. ಮಕ್ಕಳಿಗೆ ಸರ್ಕಾರಿ ಶಾಲೆಯಿಲ್ಲ. ದೊಡ್ಡವರು ದುಡಿದರೆ ಕಾನೂನಿನ ಕಣ್ಣಿಗೆ ಕಳ್ಳ ಕೆಲಸ. ಕೈಲಿರೋದು ವಿಶ್ವಸಂಸ್ಥೆಯ ನಿರಾಶ್ರಿತರ ಕಾರ್ಡ್ ಒಂದೇ. ಅದೂ ಎಲ್ಲರಿಗೂ ಸಿಕ್ಕಿಲ್ಲ.

ಮೊದಲ ದಿನ ಪುಸ್ತಕ ತೆಗೆದು ‘ದಿಸ್ ಈಸ್ ಎ ಕ್ಯಾಟ್’ ಶುರುಮಾಡಿದೆ. ಕಟ್ಟಡ ಕೆಲಸಕ್ಕೆ ಹೋಗೋ ಹದಿನೇಳರ ಹುಡುಗ ಕೈ ಎತ್ತಿದ.

“ಚಿಗು, ಬೆಕ್ಕು ನನ್ನನ್ನು ಹಿಡಿಯೋಲ್ಲ. ಪೊಲೀಸರು ಹಿಡೀತಾರೆ. ಅವರ ಹತ್ರ ಮಾತಾಡೋದು ಕಲಿಸಿ.”

ಪುಸ್ತಕ ಮುಚ್ಚಿದೆ. ಅವತ್ತಿನಿಂದ ನಮ್ಮ ಕ್ಲಾಸ್ ಅಂದ್ರೆ ಶೂಟಿಂಗ್! ನಾನೇ ಪೊಲೀಸ್, ನಾನೇ ಡಾಕ್ಟರು, ನಾನೇ ಕೂಲಿ ಕೊಡದೆ ಸತಾಯಿಸೋ ಮೇಸ್ತ್ರಿ. ‘ಇಲ್ಲಿ ನೋಯುತ್ತೆ’, ‘ಮೂರು ದಿನದಿಂದ ಜ್ವರ’, ‘ನನ್ನ ಹತ್ರ ಕಾರ್ಡಿದೆ ಸರ್’ — ಇವೇ ಡೈಲಾಗು. ಶಾರುಖ್ ಹೆಸರೆತ್ತಿದರೆ ಸಾಕು, ಹಿಂದಿನ ಬೆಂಚಿನಲ್ಲಿ ಮಲಗಿದವನೂ ಎದ್ದು ಕೂರ್ತಿದ್ದ!

ಒಂದು ಭಾನುವಾರ ಅದೇ ಹುಡುಗನಿಗೆ ಪೊಲೀಸ್ ಗತ್ತಿನಲ್ಲಿ ಕೇಳಿದೆ: “ಯುವರ್ ಕಂಟ್ರಿ?”

ಪಟಪಟ ಉತ್ತರಿಸುತ್ತಿದ್ದವನು ನಿಂತುಬಿಟ್ಟ. “ಬರ್ಮಾ ಅನ್ನಲಾ ಚಿಗು? ಅವರು ನಾವು ಅಲ್ಲಿಯವರೇ ಅಲ್ಲ ಅಂತಾರಲ್ಲ!”

ಯಾವ ಗ್ರಾಮರ್ ಪುಸ್ತಕದಲ್ಲಿದೆ ಸ್ವಾಮಿ ಇದಕ್ಕೆ ಉತ್ತರ? ಇಡೀ ಕ್ಲಾಸ್ ನನ್ನ ಮುಖ ನೋಡಿತು. ಕೊನೆಗೆ ಅವನೇ ಒಂದು ವಾಕ್ಯ ಕಟ್ಟಿದ: “ಐ ವಾಸ್ ಬಾರ್ನ್ ಇನ್ ಬರ್ಮಾ.” ಹುಟ್ಟಿದ್ದನ್ನು ಯಾವ ಕಾನೂನು ಅಳಿಸುತ್ತೆ?

ಅವರಲ್ಲಿ ಅನೇಕರ ಕನಸು ಅಮೆರಿಕ. 2025ರ ಜನವರಿಯಲ್ಲಿ ಆ ದೇಶ ನಿರಾಶ್ರಿತರನ್ನು ಸೇರಿಸಿಕೊಳ್ಳೋ ಕಾರ್ಯಕ್ರಮವನ್ನೇ ತಡೆಹಿಡಿಯಿತು. ಬಾಗಿಲು ಮುಚ್ಚಿರಬಹುದು, ಕಲಿತ ಮಾತನ್ನು ಯಾರೂ ಕಿತ್ತುಕೊಳ್ಳಲಾರರು.

ಇಂಗ್ಲಿಷ್ ಸರಿಯಾಗಿ ಬರೋಲ್ಲ ಅಂತ ಹಿಂಜರಿಯುವ ಗೆಳೆಯರೇ, ನಿಮಗೆ ಬರೋ ನೂರು ಮಾತೇ ಯಾರಿಗೋ ಆಸರೆಯಾದೀತು. ಹೇಳಿಕೊಡಿ!