ನಂಬಿಕೆಗೆ ಜಾಮೀನು ನಿಲ್ಲುವವರು

2024ರ ಏಪ್ರಿಲ್ ಕೊನೆಯಲ್ಲಿ ಬ್ರಿಟನ್ನಿನ ಹಾಸ್ಯನಟ ರಸೆಲ್ ಬ್ರ್ಯಾಂಡ್ ಥೇಮ್ಸ್ ನದಿಯಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಸುದ್ದಿಯನ್ನು ಫಾಲೋವರ್‌ಗಳಿಗೆ ವಿಡಿಯೊ ಮಾಡಿ ತಾವೇ ಹೇಳಿದರು. ಅದಕ್ಕೆ ಏಳು ತಿಂಗಳ ಹಿಂದೆಯಷ್ಟೇ ಹಲವು ಮಹಿಳೆಯರು ಅವರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಹೊರಿಸಿದ್ದರು. ಯೂಟ್ಯೂಬ್ ಅವರ ಚಾನೆಲ್ಲಿನ ಜಾಹೀರಾತು ವರಮಾನವನ್ನು ತಡೆಹಿಡಿದಿತ್ತು. ಆರೋಪಗಳನ್ನು ಬ್ರ್ಯಾಂಡ್ ನಿರಾಕರಿಸಿದ್ದಾರೆ. 2025ರಲ್ಲಿ ಮೊಕದ್ದಮೆ ಹೂಡಿದಾಗ ನ್ಯಾಯಾಲಯದಲ್ಲೂ ತಾವು ನಿರಪರಾಧಿ ಎಂದರು. ಅದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ನಾನು ಕೇಳುತ್ತಿರುವುದು ಬೇರೆ: ನದಿಯಿಂದ ಎದ್ದುಬಂದ ಮನುಷ್ಯನನ್ನು ಅಷ್ಟೊಂದು ಜನ ಆ ಕ್ಷಣವೇ ಅನುಮಾನಿಸಿದ್ದೇಕೆ?

ಬ್ರ್ಯಾಂಡ್ ಅವರ ಹಿಂದಿನ ಅವತಾರಗಳು ಜನರಿಗೆ ನೆನಪಿದ್ದವು. ಮಾದಕ ವ್ಯಸನದಿಂದ ಹೊರಬಂದವರ ಮಾರ್ಗದರ್ಶಿ, ಯೋಗ-ಧ್ಯಾನದ ಪ್ರಚಾರಕ, 2013ರಲ್ಲಿ ಮತದಾನವೇ ವ್ಯರ್ಥವೆಂದ ಕ್ರಾಂತಿಕಾರಿ. ಪ್ರತಿ ತಿರುವೂ ಕ್ಯಾಮೆರಾದ ಮುಂದೆಯೇ ನಡೆದಿತ್ತು. ಇನ್‌ಫ್ಲೂಯೆನ್ಸರ್‌ಗಳ ಅನ್ನವೇ ಜನ ತಮ್ಮ ಮೇಲಿಡುವ ನಂಬಿಕೆ. ಅಲ್ಲಿ ಪಶ್ಚಾತ್ತಾಪವೂ ವೀಕ್ಷಣೆಗಳ ಲೆಕ್ಕಕ್ಕೆ ಸೇರಿಬಿಡುತ್ತದೆ, ಅದು ನಿಜವಾಗಿದ್ದರೂ.

ಈ ಗುಮಾನಿ ಮೊಬೈಲಿನ ಜೊತೆ ಹುಟ್ಟಿದ್ದಲ್ಲ. ಕ್ರೈಸ್ತರನ್ನು ಹಿಡಿದು ಸೆರೆಗೆ ನೂಕುತ್ತಿದ್ದ ಸೌಲ, ದಮಸ್ಕದ ದಾರಿಯಲ್ಲಿ ಬದಲಾಗಿ ಜೆರೂಸಲೇಮಿಗೆ ಬಂದಾಗ ಶಿಷ್ಯರು ಹೆದರಿದರು, ನಂಬಲಿಲ್ಲ. ಬಾರ್ನಬ ಎಂಬಾತ ಅವನನ್ನು ಅಪೊಸ್ತಲರ ಬಳಿಗೆ ಕರೆದೊಯ್ದು ಅವನ ಪರವಾಗಿ ನಿಂತ. ಮುಂದೆ ಕ್ರೈಸ್ತ ಸಭೆಯೇ ಈ ಎಚ್ಚರವನ್ನು ನಿಯಮ ಮಾಡಿಕೊಂಡಿತು. ಹಿಪ್ಪೋಲಿಟಸ್ ಹೆಸರಿನಲ್ಲಿರುವ ಪ್ರಾಚೀನ ಕೈಪಿಡಿಯ ಪ್ರಕಾರ ದೀಕ್ಷೆ ಬಯಸಿದವರು ಸಾಮಾನ್ಯವಾಗಿ 3 ವರ್ಷ ಕಲಿಯಬೇಕಿತ್ತು. ಆಮೇಲೆ ಅವರ ನಡತೆಯ ವಿಚಾರಣೆ: ವಿಧವೆಯರನ್ನು ಗೌರವಿಸಿದರೇ, ರೋಗಿಗಳನ್ನು ಹೋಗಿ ಕಂಡರೇ? ಉತ್ತರ ಕೊಡಬೇಕಾದವರು ಅವರನ್ನು ಕರೆತಂದವರು.

ಮಿಲಾನಿನಲ್ಲಿ ವಾಕ್‌ಚಾತುರ್ಯ ಕಲಿಸುತ್ತಿದ್ದ ಅಗಸ್ಟೀನ್ 386ರಲ್ಲಿ ಕ್ರೈಸ್ತ ಧರ್ಮದತ್ತ ಮನಸ್ಸು ತಿರುಗಿಸಿದಾಗ ತಕ್ಷಣ ಕೆಲಸ ಬಿಡಲಿಲ್ಲ. ದ್ರಾಕ್ಷಿ ಸುಗ್ಗಿಯ ರಜೆ ಹತ್ತಿರವಿತ್ತು. ಅಬ್ಬರದಿಂದ ರಾಜೀನಾಮೆ ಕೊಟ್ಟರೆ ಹೆಸರಿಗಾಗಿ ಮಾಡಿದನೆಂದು ಜನ ಆಡಿಕೊಳ್ಳುತ್ತಾರೆ ಎಂದು ರಜೆಯವರೆಗೆ ಕಾದ. ‘ಕನ್ಫೆಶನ್ಸ್’ನಲ್ಲಿ ಇದನ್ನು ಅವನೇ ಬರೆದಿದ್ದಾನೆ. ಇಡೀ ಪುಸ್ತಕದಲ್ಲಿ ನನ್ನನ್ನು ಬಹಳವಾಗಿ ತಟ್ಟುವುದು ಈ ಸಣ್ಣ ಸಂಕೋಚ.

ನಮ್ಮ ಕಾಲಕ್ಕೆ ಹತ್ತಿರದ ದೊಡ್ಡ ಪರೀಕ್ಷೆ ಚಾರ್ಲ್ಸ್ ಕೋಲ್ಸನ್‌ನದು. ಅಮೆರಿಕದ ಅಧ್ಯಕ್ಷ ನಿಕ್ಸನ್ನನ ನಿರ್ದಯ ಬಂಟ. ವಾಟರ್‌ಗೇಟ್ ಹಗರಣ ಕುತ್ತಿಗೆಗೆ ಬಂದಿದ್ದ 1973ರಲ್ಲೇ ಅವನು ಕ್ರಿಸ್ತನ ಕಡೆ ತಿರುಗಿದ. ಪತ್ರಿಕೆಗಳು ಗೇಲಿ ಮಾಡಿದವು. ಶಿಕ್ಷೆ ತಪ್ಪಿಸಿಕೊಳ್ಳುವ ನಾಟಕವೆಂದು ಅನುಮಾನಿಸಿದವರಿಗೆ ಕಾರಣವಿತ್ತು. ಆದರೆ 1974ರಲ್ಲಿ ಅವನು ನ್ಯಾಯಕ್ಕೆ ಅಡ್ಡಿಪಡಿಸಿದ ತಪ್ಪನ್ನು ಒಪ್ಪಿಕೊಂಡು 7 ತಿಂಗಳು ಜೈಲಿನಲ್ಲಿದ್ದ. 1976ರಲ್ಲಿ ಕೈದಿಗಳಿಗಾಗಿ ಪ್ರಿಸನ್ ಫೆಲೋಶಿಪ್ ಕಟ್ಟಿದ. 1993ರಲ್ಲಿ ಬಂದ ಟೆಂಪಲ್‌ಟನ್ ಪ್ರಶಸ್ತಿಯ ಹಣವನ್ನೂ ಅದಕ್ಕೇ ಕೊಟ್ಟ. 2012ರಲ್ಲಿ ಸಾಯುವವರೆಗೂ ಅದೇ ಕೆಲಸ. ಅವನ ರಾಜಕೀಯ ನಿಲುವುಗಳನ್ನು ಒಪ್ಪದವರೂ ಜೈಲುಗಳಲ್ಲಿ ಅವನು ಕಳೆದ ಆ ವರ್ಷಗಳನ್ನು ಅಲ್ಲಗಳೆಯಲಾರರು.

ಅಷ್ಟು ವರ್ಷ ಕಾಯುವ ಮೊದಲೇ ಅವನನ್ನು ನಂಬಿದ ಕೆಲವರಿದ್ದರು. ಐಯೋವಾದ ಸೆನೆಟರ್ ಹೆರಾಲ್ಡ್ ಹ್ಯೂಸ್ ಡೆಮಾಕ್ರಾಟ್, ನಿಕ್ಸನ್ನನ ಕಟ್ಟಾ ವಿರೋಧಿ. ಕೋಲ್ಸನ್‌ನನ್ನು ಸೇರಿಸಿಕೊಳ್ಳುವುದರಿಂದ ಹ್ಯೂಸ್‌ಗೆ ಲಾಭವೇನೂ ಇರಲಿಲ್ಲ, ಆದರೂ ಸಹೋದರನೆಂದು ಅಪ್ಪಿಕೊಂಡ. ಥೇಮ್ಸ್ ನದಿಯಲ್ಲಿ ಬ್ರ್ಯಾಂಡ್ ಪಕ್ಕದಲ್ಲಿದ್ದವರು ಟಿವಿ ಸಾಹಸಿ ಬೇರ್ ಗ್ರಿಲ್ಸ್. ಅವರ ಸ್ನೇಹವನ್ನು ನಾನು ಶಂಕಿಸುವುದಿಲ್ಲ. ಆದರೆ ಒಬ್ಬ ಪ್ರಸಿದ್ಧನಿಗೆ ಇನ್ನೊಬ್ಬ ಪ್ರಸಿದ್ಧ ಸಾಕ್ಷಿಯಾದರೆ ಜನರ ಅನುಮಾನ ಕರಗದು. ಜನ ಹುಡುಕುವುದು ಏನನ್ನಾದರೂ ಕಳೆದುಕೊಳ್ಳಲು ಸಿದ್ಧನಿರುವ ಸಾಕ್ಷಿಯನ್ನು. ಕೋಲ್ಸನ್‌ಗೆ ಅಂಥವನೂ ಸಿಕ್ಕಿದ್ದ: ಅವನು ಜೈಲಿನಲ್ಲಿದ್ದಾಗ ಮಿನೆಸೋಟಾದ ಸಂಸದ ಆಲ್ ಕ್ವೀ, ಉಳಿದ ಶಿಕ್ಷೆಯನ್ನು ಅವನ ಬದಲು ತಾನು ಅನುಭವಿಸುತ್ತೇನೆಂದು ಮುಂದೆ ಬಂದ.